ಕುಮ್ಸಾರಿನ ಹಲಗೆಯ ಅಡುಗೆ ಕಟ್ಟೆ

ಲಿಯೋನೆಲ್ ಮಥಾಯಸ್ ಕಾಪುವಿನ ಬಸ್ ನಿಲ್ದಾಣದಲ್ಲಿ ಏಜಂಟನಾಗಿದ್ದ. ಉಡುಪಿಯ ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ, ಕಾರ್ಕಳದ್ದು ಬರುತ್ತದೆಯೋ ಇಲ್ಲವೋ, ಬಂದರೆ ಸೀಟು ಸಿಗುತ್ತದೆಯೋ ಎಂದು ಜನರಿಗೆ ಹೇಳುವುದು ಅವನ ಕೆಲಸ. ಆ ಕಾಲದ ಬಸ್ಸುಗಳ ವಿಷಯ ಅವುಗಳ ಡ್ರೈವರನಿಗೇ ಗೊತ್ತಿರುತ್ತಿರಲಿಲ್ಲ. ಆದರೆ ಏಜಂಟನಾದವನು ಗೊತ್ತಿಲ್ಲ ಎಂದುಬಿಟ್ಟರೆ ಪ್ರಯಾಣಿಕರು ಎದುರು ಕಂಪೆನಿಯ ಏಜಂಟನ ಹತ್ತಿರ ಹೋಗುತ್ತಾರೆ. ಹಾಗಾಗಿ ಯಾರು ಏನು ಕೇಳಿದರೂ, ಮಾತು ಮುಗಿಯುವ ಮೊದಲೇ, "ಗೊತ್ತುಂಟು, ಗೊತ್ತುಂಟು" ಎನ್ನುವುದನ್ನು ಲಿಯೋನೆಲ್ ಅಭ್ಯಾಸ ಮಾಡಿಕೊಂಡಿದ್ದ. ಆ ಅಭ್ಯಾಸ ನಿಲ್ದಾಣದಲ್ಲೇ ಉಳಿದಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಸಂಜೆ ಅದು ಅವನ ಜೊತೆ ಮನೆಗೂ ಬರುತ್ತಿತ್ತು.

ಸಾವಿರದ ಒಂಬೈನೂರ ಐವತ್ತೆಂಟರ ಜನವರಿಯಲ್ಲಿ ಅವನ ಹೆಂಡತಿ ಬರ್ತಾಳ ಅಕ್ಕ ಪ್ರೆಸಿಲ್ಲಾ ಮಣಿಪಾಲದ ಗುಡ್ಡದ ಮೇಲೆ ಹೊಸ ಮನೆ ಕಟ್ಟಿಸಿದಳು. ಮನೆ ಒಕ್ಕಲಿನ ಊಟವಾದ ಮೇಲೆ ಹೆಂಗಸರೆಲ್ಲ ಅಡುಗೆಕೋಣೆಗೆ ಹೋಗಿ ಹೊರಗೆ ಬರಲೇ ಇಲ್ಲ. ವಿಚಾರ ಏನೆಂದು ನೋಡಲು ಗಂಡಸರೂ ಹೋದರು. ಅಲ್ಲಿ ಗೋಡೆಗೆ ಹೊಂದಿಕೊಂಡು ಸಿಮೆಂಟಿನ ಒಂದು ಕಟ್ಟೆ ಇತ್ತು. ಅದರ ಎದುರು ನಿಂತುಕೊಂಡು ಪ್ರೆಸಿಲ್ಲಾ ಈರುಳ್ಳಿ ಹೆಚ್ಚಿ ತೋರಿಸುತ್ತಿದ್ದಳು. ಹುಟ್ಟಿದಂದಿನಿಂದ ನೆಲದಲ್ಲಿ ಕೂತು ಮೆಟ್ಟುಕತ್ತಿಯಲ್ಲಿ ಹೆಚ್ಚಿದ ಹೆಂಗಸರು ಅದನ್ನು ಇಗರ್ಜಿಯಲ್ಲಿ ನಿಂತಷ್ಟು ಮೌನವಾಗಿ ನೋಡುತ್ತಿದ್ದರು.

"ಬೊಂಬಾಯಿಯಲ್ಲಿ ಎಲ್ಲ ಹೀಗೇ" ಎಂದಳು ಪ್ರೆಸಿಲ್ಲಾ. "ಬಗ್ಗುವುದೇ ಇಲ್ಲ."

ಬರ್ತಾ ಕಟ್ಟೆಯ ಮೇಲೆ ಒಮ್ಮೆ ಅಂಗೈ ಆಡಿಸಿದಳು. ಅದನ್ನು ನೋಡಿದ ಪ್ರೆಸಿಲ್ಲಾಳ ಗಂಡ, "ನಿಮ್ಮಲ್ಲಿ ಯಾವಾಗ, ಲಿಯೋನೆಲ್?" ಎಂದು ಕೇಳಿದ. ಕೇಳಬಾರದಿತ್ತು.

"ನಮಗೆ ಸಿಮೆಂಟು ಬೇಡ" ಎಂದ ಲಿಯೋನೆಲ್. "ಸಿಮೆಂಟು ತಂಡಿ. ನಾನು ಮರದ್ದು ಮಾಡುತ್ತೇನೆ. ಹಳೇ ಮರದ್ದು. ಕಟ್ಟೆಯೂ ಆಯಿತು, ಮೇಲೆ ಸಾಮಾನು ಇಡಲಿಕ್ಕೆ ಕಪಾಟೂ ಆಯಿತು."

"ಮರದ ಕೆಲಸ ಬರ್ತದಾ ನಿಮಗೆ?"

"ಗೊತ್ತುಂಟು, ಗೊತ್ತುಂಟು."

ಅಲ್ಲಿಯವರೆಗೆ ಲಿಯೋನೆಲ್ ಮಾಡಿದ ಮರದ ಕೆಲಸವೆಂದರೆ ಕ್ಯಾಲೆಂಡರು ನೇತುಹಾಕಲು ಬಾಗಿಲ ಚೌಕಟ್ಟಿಗೆ ಮೊಳೆಯೊಂದನ್ನು ಹೊಡೆದದ್ದು. ಮೊಳೆ ಈಗಲೂ ಅಲ್ಲೇ ಇತ್ತು. ಕ್ಯಾಲೆಂಡರನ್ನು ಬರ್ತಾ ಬೇರೆ ಕಡೆ ನೇತುಹಾಕಿದ್ದಳು.

ಅವರ ಮನೆ ಕಾಪುವಿನಿಂದ ಸ್ವಲ್ಪ ಒಳಗೆ, ಬೋಳುಕಟ್ಟೆ ಎಂಬ ಊರಿನಲ್ಲಿತ್ತು. ಆ ವರ್ಷ ಊರಿನ ಇಗರ್ಜಿಯ, ಅಂದರೆ ಚರ್ಚಿನ, ದುರಸ್ತಿ ನಡೆದು, ಕಳಚಿದ ಹಳೆ ಮರವೆಲ್ಲ ಹಿಂದಿನ ಗೇರುಮರದ ಅಡಿಯಲ್ಲಿ ರಾಶಿಯಾಗಿ ಬಿದ್ದಿತ್ತು. ಒಂದು ಭಾನುವಾರ ಪೂಜೆಯಾದ ಮೇಲೆ ಅದನ್ನು ಏಲಂ ಮಾಡಿದರು. ಗಂಟೆ ಬಾರಿಸುವುದರಿಂದ ಹಿಡಿದು ಮೇಣದಬತ್ತಿ ಹಚ್ಚುವವರೆಗೆ ಇಗರ್ಜಿಯ ಎಲ್ಲ ಕೆಲಸ ಮಾಡುತ್ತಿದ್ದ ಮ್ಯಾಥ್ಯೂ ಏಲಂ ಕೂಗಿದ. ತೊಲೆಗಳು ಹೋದವು, ಕಿಟಕಿಗಳು ಹೋದವು. ಕೊನೆಯ ರಾಶಿಗೆ ಬಂದಾಗ ಯಾರೂ ಸವಾಲು ಕೂಗಲಿಲ್ಲ. ಹೆಂಗಸರು ಮುಖ ಬೇರೆ ಕಡೆ ತಿರುಗಿಸಿದರು. ಲಿಯೋನೆಲ್ ಒಬ್ಬನೇ ಕೈ ಎತ್ತಿದ. ಒಳ್ಳೆಯ ಮರವನ್ನು ಗುರುತಿಸುವ ಕಣ್ಣು ಊರಿನಲ್ಲಿ ತನ್ನೊಬ್ಬನಿಗೇ ಇರುವುದು ಎಂದು ಅವನಿಗೆ ಅನಿಸಿತು.

ಮ್ಯಾಥ್ಯೂ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಲಿಯೋನೆಲ್, ಈ ಹಲಗೆ ಎಲ್ಲಿಯದು ಅಂದರೆ, ಒಳಗೆ ಎಡಬದಿಯಲ್ಲಿ ಇತ್ತಲ್ಲ, ಆ..." ಎಂದು ಶುರುಮಾಡಿದ.

"ಗೊತ್ತುಂಟು, ಗೊತ್ತುಂಟು. ಹಲಸು. ಹಳೇ ಹಲಸು ಅಂದರೆ ಕಬ್ಬಿಣ."

ಎಲ್ಲ ಗೊತ್ತಿದ್ದೇ ಒಯ್ಯುವವನಿಗೆ ತಾನೇನು ಹೇಳುವುದು ಎಂದು ಮ್ಯಾಥ್ಯೂ ಸುಮ್ಮನಾದ.

ಆ ರಾಶಿ ಇಗರ್ಜಿಯ ಹಳೆಯ ಕುಮ್ಸಾರಿನ ಗೂಡಾಗಿತ್ತು. ಪಾಪನಿವೇದನೆಗೆ ಕೊಂಕಣಿಯಲ್ಲಿ ಕುಮ್ಸಾರ್ ಎನ್ನುತ್ತಾರೆ. ಪಾದ್ರಿಗಳು ಗೂಡಿನ ಒಳಗೆ ಕೂರುತ್ತಾರೆ. ಹೆಂಗಸರು ಬದಿಯಲ್ಲಿ ಮೊಣಕಾಲೂರಿ, ತೂತು ತೂತಿನ ಹಲಗೆಯೊಂದಕ್ಕೆ ಬಾಯಿ ಹತ್ತಿರ ತಂದು, ಮಾಡಿದ ಪಾಪಗಳನ್ನು ಪಿಸುಗುಟ್ಟುತ್ತಾರೆ. ಗಂಡಸರು ಮುಂದಿನಿಂದ ಬಂದು ಪಾದ್ರಿಗಳ ಎದುರೇ ಮೊಣಕಾಲೂರುವುದರಿಂದ ಅವರಿಗೆ ಆ ಹಲಗೆಯ ಪರಿಚಯ ಕಡಿಮೆ. ಬುಡಕ್ಕೆ ಗೆದ್ದಲು ಹತ್ತಿದ್ದ ಗೂಡನ್ನು ಬಡಗಿಗಳು ಕಳಚಿ ಬೇರೆ ಮರದ ಜೊತೆ ಎಸೆದಿದ್ದರು. ಕಾರ್ಕಳದ ಕಡೆಯಿಂದ ಹೊಸದಾಗಿ ಬಂದಿದ್ದ ವಿಗಾರರು, ಅಂದರೆ ಇಗರ್ಜಿಯ ಮುಖ್ಯ ಪಾದ್ರಿಗಳು, ಅದನ್ನು ಗಮನಿಸಿರಲಿಲ್ಲ.

ಮನೆಗೆ ಬಂದ ಹಲಗೆಗಳನ್ನು ನೋಡಿ ಬರ್ತಾ, "ಇದು ನೋಡಿ, ನಾವು ಹೆಂಗಸರು..." ಎಂದಳು.

"ಗೊತ್ತುಂಟು. ಹೆಂಗಸರಿಗೆಂದೇ ಮಾಡುವುದು" ಎಂದ ಲಿಯೋನೆಲ್.

ಎರಡು ಭಾನುವಾರದ ಕೆಲಸವೆಂದು ಶುರುವಾದದ್ದು ಈಸ್ಟರಿಗೆ ಮೊದಲಿನ ತಪಸ್ಸಿನ ಕಾಲ ಬಂದರೂ ಮುಗಿಯಲಿಲ್ಲ. ಗರಗಸದ ಹಲ್ಲು ಮುರಿಯಿತು. ಎಡಗೈ ಹೆಬ್ಬೆರಳಿನ ಉಗುರು ಕಪ್ಪಾಗಿ ಬಿದ್ದುಹೋಯಿತು. ನಿಲ್ದಾಣದಲ್ಲಿ ಜನ ಬೆರಳಿನ ವಿಷಯ ಕೇಳಿದರೆ ಅವನು, "ಅಡುಗೆ ಕಟ್ಟೆ ಕಟ್ಟುವುದು ಅಂದರೆ ಹಾಗೇ" ಎಂದು ಗಂಭೀರವಾಗಿ ಹೇಳುತ್ತಿದ್ದ. ಕೊನೆಗೆ ಕಟ್ಟೆ ನಿಂತಿತು. ಅದು ನಿಂತದ್ದನ್ನು ನೋಡಿದವರೆಲ್ಲ ಆಶ್ಚರ್ಯಪಟ್ಟರು, ಲಿಯೋನೆಲನೂ ಸೇರಿ. ಮೊಣಕಾಲೂರಿ ಊರಿ ಸವೆದ ಹಲಗೆ ಮೇಲ್ಮೈಯಾಯಿತು. ಅದರಲ್ಲಿದ್ದ ಎರಡು ತಗ್ಗುಗಳಲ್ಲಿ ಬರ್ತಾ ಉಪ್ಪಿನ ಮರಿಗೆಯನ್ನೂ ಹುಣಸೆಹುಳಿಯ ಭರಣಿಯನ್ನೂ ಇಟ್ಟಳು. ಗೂಡಿನ ಬದಿಯ ಹಲಗೆಗಳು ಕಪಾಟಾದವು. ತೂತು ತೂತಿನ ಹಲಗೆಯನ್ನು ಕಪಾಟಿಗೆ ಬಾಗಿಲು ಮಾಡಿ, "ಒಳಗೆ ಗಾಳಿ ಆಡ್ತದೆ, ಬೆಕ್ಕು ಹೋಗುವುದಿಲ್ಲ" ಎಂದು ಅವನು ಎರಡೆರಡು ಸಲ ವಿವರಿಸಿದ. ಒಲೆ ಮಾತ್ರ ನೆಲದಲ್ಲೇ ಉಳಿಯಿತು, ಮರದ ಮೇಲೆ ಬೆಂಕಿ ಇಡುವ ಹಾಗಿಲ್ಲವಲ್ಲ. ಹೀಗಾಗಿ ಬರ್ತಾ ನಿಂತು ಹೆಚ್ಚಬೇಕು, ಕೂತು ಬೇಯಿಸಬೇಕು, ಮತ್ತೆ ಎದ್ದು ಉಪ್ಪು ತೆಗೆಯಬೇಕು. ಒಂದು ಸಾರು ಆಗುವಷ್ಟರಲ್ಲಿ ಒಂದು ಪೂಜೆಯಲ್ಲಿ ಎಷ್ಟು ಸಲ ಏಳುವುದು ಕೂರುವುದು ಉಂಟೋ ಅಷ್ಟೂ ಆಗುತ್ತಿತ್ತು.

ಕಟ್ಟೆ ನೋಡಲು ಮೊದಲು ಬಂದವರು ಪಕ್ಕದ ಮನೆಯ ಜೆರ್ಟ್ರೂಡ್ ಬಾಯಿ. ವಯಸ್ಸಾದ ವಿಧವೆ. ನಾಲ್ಕು ಮಾತಾಡಿ ಹೋಗೋಣವೆಂದು ಬಂದವರು ಕಪಾಟಿನ ಬಾಗಿಲು ನೋಡಿ ಅಲ್ಲೇ ನಿಂತರು. ಶಿಲುಬೆಯ ಗುರುತು ಮಾಡಿಕೊಂಡರು.

"ಲಿಯೋನೆಲ್, ಇದು ಇಗರ್ಜಿಯದ್ದಲ್ವಾ?"

"ಹೌದು ಬಾಯಿ. ಏಲಂನಲ್ಲಿ ಹಿಡಿದದ್ದು."

"ಇದರೊಳಗೆ ಎಂತೆಲ್ಲ ಉಂಟೂಂತ ಗೊತ್ತುಂಟಾ ನಿನಗೆ?"

"ಗೊತ್ತುಂಟು, ಗೊತ್ತುಂಟು" ಎಂದ ಲಿಯೋನೆಲ್. ಬಾಯಿ ಮರದ ಗೆರೆಗಳ ಮಾತಾಡುತ್ತಿದ್ದಾರೆಂದು ಅವನು ತಿಳಿದಿದ್ದ. "ಮೇಲೆ ನೋಡಿದರೆ ಕಾಣುವುದಿಲ್ಲ. ವರ್ಷಗಟ್ಟಲೆ ಕೈಯ ಜಿಡ್ಡು ಕೂತಿದೆ. ಮರಳುಕಾಗದ ಹಾಕಿ ಸ್ವಲ್ಪ ಉಜ್ಜಿದರೆ ಸಾಕು, ಒಳಗಿದ್ದದ್ದೆಲ್ಲ ಹೊರಗೆ ಬರ್ತದೆ."

"ಎಲ್ಲ?"

"ಎಲ್ಲ. ಒಂದೂ ಬಿಡುವುದಿಲ್ಲ. ಬರುವ ಶನಿವಾರ ರಜೆ ಹಾಕಿದ್ದೇನೆ, ಅವತ್ತು ಉಜ್ಜುತ್ತೇನೆ. ಹಗಲು ಬೆಳಕಿನಲ್ಲಿ ಅಂಗಳಕ್ಕೆ ತಂದು ಉಜ್ಜಿದರೆ ಚೆನ್ನಾಗಿ ಕಾಣ್ತದೆ. ಬನ್ನಿ, ನೀವೂ ನೋಡಿ."

ಜೆರ್ಟ್ರೂಡ್ ಬಾಯಿ ಆ ಹಲಗೆಗೆ ಬಾಯಿ ಕೊಟ್ಟು ನಲವತ್ತು ವರ್ಷ ಪಿಸುಗುಟ್ಟಿದವರು. ಅವರು ಮನೆಗೆ ಹೋದರು. ಸ್ವಲ್ಪ ಹೊತ್ತಿನಲ್ಲೇ ತಾಮ್ರದ ಒಂದು ಚರಿಗೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮರಳಿ ಬಂದು ಕಟ್ಟೆಯ ಮೇಲಿಟ್ಟರು.

"ನಿನ್ನ ಮದುವೆಯಲ್ಲಿ ಕಾಣೆಯಾದದ್ದು. ಹೇಗೂ ನಿನಗೆ..."

"ಗೊತ್ತುಂಟು" ಎಂದ ಲಿಯೋನೆಲ್. ಏನೆಂದು ತಿಳಿಯದಿದ್ದರೂ ನಾಲಿಗೆಗೆ ಅದೇ ಬಂತು.

ಬಾಯಿ ಕಣ್ಣೊರೆಸಿಕೊಂಡರು. "ಗೊತ್ತಿದ್ದೂ ಇಷ್ಟು ವರ್ಷ ಒಂದು ಮಾತು ಹೇಳಲಿಲ್ಲವಲ್ಲ ನೀನು" ಎಂದು ಅವನ ತಲೆ ಸವರಿ ಹೋದರು.

ಮರುದಿನದಿಂದ ಜನ ಬರತೊಡಗಿದರು. ಇಗರ್ಜಿಯಲ್ಲಿ ಹಾಡುವ ಆಲಿಸ್ ಬಂದು, ಕಳೆದ ಕ್ರಿಸ್ಮಸ್ಸಿಗೆ ತಾನೇ ಕಟ್ಟಿದೆನೆಂದ ರಾಗ ತನ್ನದಲ್ಲ, ಮಂಗಳೂರಿನಲ್ಲಿ ಕೇಳಿದ್ದು ಎಂದಳು. ಒಬ್ಬಾಕೆ ಬಂದು, ಅತ್ತೆಯ ಕನ್ನಡಕ ಬಾವಿಗೆ ಬಿದ್ದದ್ದಲ್ಲ ಎಂದಷ್ಟೇ ಹೇಳಿ ನಿಂತಳು. ಎಲ್ಲರಿಗೂ ಲಿಯೋನೆಲ್, "ಗೊತ್ತುಂಟು" ಎಂದ. ಅವರೆಲ್ಲ ಇಂಥದೇ ಕಟ್ಟೆ ತಮಗೂ ಮಾಡಿಕೊಡೆಂದು ಕೇಳಲು ಬಂದು, ಕೇಳಲು ನಾಚಿ, ಏನೇನೋ ಮಾತಾಡಿ ಹೋಗುತ್ತಿದ್ದಾರೆಂದು ಅವನ ಲೆಕ್ಕ. ಬರ್ತಾಳಿಗೂ ಹಾಗೇ ಹೇಳಿದ. ಬರ್ತಾ ಅವನ ಮುಖವನ್ನೇ ನೋಡಿದಳು. ತನ್ನ ಗಂಡ ಇಷ್ಟು ಆಳದ ಮನುಷ್ಯನೆಂದು ಅವಳಿಗೆ ಈವರೆಗೆ ಅನಿಸಿರಲಿಲ್ಲ.

ಗುರುವಾರ ಸಂಜೆ ಭುಜಂಗ ಬಂದ. ಭುಜಂಗ ಊರಿನ ತೆಂಗಿನಮರಗಳನ್ನು ಹತ್ತುವವನು. ಇಗರ್ಜಿಗೂ ಅವನಿಗೂ ಸಂಬಂಧವಿಲ್ಲ, ಅಲ್ಲಿಯ ತೆಂಗಿನಮರಗಳನ್ನು ಬಿಟ್ಟರೆ. ಅವನು ಅಡುಗೆಕೋಣೆಯ ಹೊಸ್ತಿಲಲ್ಲಿ ಕೂತು ಕಟ್ಟೆಯನ್ನು ಮೇಲಿಂದ ಕೆಳಗೆ ನೋಡಿದ.

"ಪೊರ್ಬುಗಳೇ, ನಾನು ಅದಕ್ಕೆ ಏನೂ ಹೇಳಿದವನಲ್ಲ" ಎಂದ ಕೊನೆಗೆ. ಕ್ರೈಸ್ತ ಗಂಡಸರನ್ನು ಅವನು ಕರೆಯುವುದೇ ಪೊರ್ಬುಗಳೆಂದು. "ಆದರೆ ನನ್ನೊಟ್ಟಿಗೆ ಸೇರಿದವರು ಹೇಳಿರಬಹುದಲ್ಲ."

"ಗೊತ್ತುಂಟು."

"ಅದೇ ನನಗೂ ಹೆದರಿಕೆ. ಜೆರ್ಟ್ರೂಡ್ ಬಾಯಿಯ ಯಜಮಾನರು, ಸಾಲ್ವದೋರ್ ಪೊರ್ಬುಗಳು, ಸಾಯುವ ಮೊದಲು ಹೇಳಿಯೇ ಹೇಳಿರ್ತಾರೆ. ಪಟೇಲರ ಕೋಳಿಅಂಕದ ಹುಂಜ ಹಿಡಿದದ್ದು ನಾವಿಬ್ಬರು. ಅವರು ಗೋಣಿ ಹಿಡಿದರು, ನಾನು ಒಳಗೆ ಹಾಕಿದೆ. ಬೇಯಿಸಿ ತಿಂದದ್ದು ಹೊಳೆಬದಿಯಲ್ಲಿ. ಮರುದಿನ ಪಟೇಲರು ಕೂಸಪ್ಪನನ್ನು ಹಿಡಿದರು. ಹುಂಜ ನೋಡಿಕೊಳ್ಳುವವನು ಅವನಲ್ವಾ. ನಾವು ಹೇಳಬೇಕು ಅಂತ ಇದ್ದೆವು. ಇವತ್ತು ಹೇಳುವ, ನಾಳೆ ಹೇಳುವ ಅಂತ ಆಯಿತು. ಅಷ್ಟರಲ್ಲಿ ಅವನನ್ನು ಓಡಿಸಿದ್ದೂ ಆಯಿತು."

ಲಿಯೋನೆಲನ ಬಾಯಿಯಿಂದ ಆ ಮಾತು ಹೊರಡಲಿಲ್ಲ. ಕೂಸಪ್ಪನನ್ನು ಓಡಿಸಿದ್ದು ವರ್ಷಗಳ ಹಿಂದೆ, ಅವನ ಕಣ್ಣೆದುರಿಗೇ, ಕಾಪುವಿನ ಬಸ್ ನಿಲ್ದಾಣದಲ್ಲಿ. ಪಟೇಲ ಮುದ್ದಣ್ಣ ಶೆಟ್ಟರು ಜನರೆದುರು ಅವನನ್ನು ಕಳ್ಳ ಎಂದು ಕರೆದಿದ್ದರು. ಕೂಸಪ್ಪ ಒಂದು ಮಾತೂ ಆಡದೆ, ಹೆಂಡತಿಯನ್ನೂ ಚಾಪೆಯ ಸುರುಳಿಯನ್ನೂ ಬಸ್ಸು ಹತ್ತಿಸಿ ನಂದಿಕೂರಿನ ಮಾವನ ಮನೆಗೆ ಹೋಗಿದ್ದ. ಅವನಿಗೆ ಸೀಟು ಹಿಡಿದುಕೊಟ್ಟವನು ಲಿಯೋನೆಲ್.

"ಶನಿವಾರ ಉಜ್ಜುವಾಗ" ಎಂದು ಭುಜಂಗ ಕೇಳಿದ, "ನನ್ನದು ಮೊದಲು ಬರ್ತದಾ, ಕಡೆಗಾ?"

ಲಿಯೋನೆಲನಿಗೆ ಆಗ ಅರ್ಥವಾಯಿತು. ಚರಿಗೆ, ರಾಗ, ಕನ್ನಡಕ ಎಲ್ಲ ಒಟ್ಟಿಗೇ ಅರ್ಥವಾಯಿತು. ಭುಜಂಗ ಹೋದ ಮೇಲೆ ಅವನು ಬರ್ತಾಳನ್ನು ಕೇಳಿದ: "ಈ ಹಲಗೆ ಎಂತದ್ದು?"

"ಕುಮ್ಸಾರಿನ ಗೂಡಿನದ್ದು."

"ಮೊದಲೇ ಯಾಕೆ ಹೇಳಲಿಲ್ಲ?"

"ಹೇಳಲು ಬಂದಿದ್ದೆ. ಗೊತ್ತುಂಟು ಎಂದಿರಿ."

ಮರುದಿನ ನಿಲ್ದಾಣದಲ್ಲಿ ಲಿಯೋನೆಲ್ ಕಾರ್ಕಳಕ್ಕೆ ಹೋಗುವವರನ್ನು ಉಡುಪಿಯ ಬಸ್ಸಿಗೆ ಹತ್ತಿಸಿದ. ಶನಿವಾರ ಏನೂ ಉಜ್ಜುವುದಿಲ್ಲವೆಂದು ಎಲ್ಲರಿಗೂ ಹೇಳಿದ. ಅದು ಇನ್ನೂ ಅನರ್ಥವಾಯಿತು. ಯಾರದೋ ದೊಡ್ಡ ವಿಷಯ ಹೊರಗೆ ಬರಲಿದೆ, ಅದಕ್ಕೇ ಏಜಂಟ ಹಿಂದೆಗೆಯುತ್ತಿದ್ದಾನೆ ಎಂದು ಸುದ್ದಿ ಹಬ್ಬಿತು. ಸುದ್ದಿ ಪಟೇಲರ ಕಿವಿಗೂ ಬಿತ್ತು, ಬೀಳುವಷ್ಟರಲ್ಲಿ ಅವರ ಕಳೆದುಹೋದ ಹುಂಜವೂ ಅದಕ್ಕೆ ಸೇರಿಕೊಂಡಿತ್ತು.

ಶನಿವಾರ ಮಧ್ಯಾಹ್ನ ಅವನ ಅಂಗಳ ತುಂಬಿತು. ಕೆಲವರು ತಮ್ಮದು ಬರುವುದಿಲ್ಲವೆಂದು ಖಾತ್ರಿ ಮಾಡಿಕೊಳ್ಳಲು, ಹೆಚ್ಚಿನವರು ಬೇರೆಯವರದು ಬರುವುದನ್ನು ಕೇಳಲು ಬಂದಿದ್ದರು. ಕಪಾಟಿನ ಬಾಗಿಲನ್ನು ಯಾರೋ ಆಗಲೇ ಕಳಚಿ ಅಂಗಳದ ನಡುವೆ ಮಣೆಯ ಮೇಲೆ ನಿಲ್ಲಿಸಿದ್ದರು. ಮರಳುಕಾಗದವನ್ನು ಪಕ್ಕದಲ್ಲಿಟ್ಟು ಗಾಳಿಗೆ ಹಾರದಂತೆ ಕಲ್ಲು ಹೇರಿದ್ದರು. ಜೆರ್ಟ್ರೂಡ್ ಬಾಯಿ ಜಪಮಾಲೆ ಹಿಡಿದು ಎಲ್ಲರಿಗಿಂತ ಮುಂದೆ ಕೂತಿದ್ದರು.

ಅದು ಈಸ್ಟರಿಗೆ ಮೊದಲಿನ ಶನಿವಾರಗಳಲ್ಲೊಂದು. ವಿಗಾರರು ಇಗರ್ಜಿಯ ಹೊಸ ಗೂಡಿನಲ್ಲಿ ಊಟವಾದ ಲಾಗಾಯ್ತು ಕೂತಿದ್ದರು. ಉಳಿದ ವರ್ಷಗಳಲ್ಲಿ ಬಾಗಿಲ ಹೊರಗಿನವರೆಗೂ ಸಾಲು ಇರುವ ಹೊತ್ತು. ಈ ಸಲ ಬಂದದ್ದು ಒಂದು ಕೋಳಿ, ಅದೂ ದಾರಿ ತಪ್ಪಿ. ಕೊನೆಗೆ ಅವರು ಮ್ಯಾಥ್ಯೂವನ್ನು ಕರೆದು ಊರಿನವರೆಲ್ಲ ಎಲ್ಲಿ ಎಂದು ಕೇಳಿದರು. ಮ್ಯಾಥ್ಯೂ ತಲೆ ತಗ್ಗಿಸಿಯೇ ಎಲ್ಲವನ್ನೂ ಹೇಳಿದ. ವಿಗಾರರು ಕೊಡೆ ಹಿಡಿದು ಬಿಸಿಲಿನಲ್ಲಿ ನಡೆದೇ ಬಂದರು.

"ಹಲಗೆ ಹಲಗೆಯೇ" ಎಂದರು ಅವರು ಅಂಗಳದಲ್ಲಿ ನಿಂತು. "ಕುಮ್ಸಾರಿನಲ್ಲಿ ಹೇಳಿದ್ದು ದೇವರಿಗೆ ಹೇಳಿದ್ದು. ದೇವರು ಕ್ಷಮಿಸಿ ಮರೆತುಬಿಡುತ್ತಾನೆ."

"ದೇವರು ಮರೆಯಬಹುದು, ಪಾದ್ರ್ಯಾಬ್" ಎಂದರು ಜೆರ್ಟ್ರೂಡ್ ಬಾಯಿ. "ಹಲಸಿನ ಮರದ ವಿಷಯ ಹಾಗೆ ಹೇಳಲಿಕ್ಕಾಗುವುದಿಲ್ಲ."

ವಿಗಾರರು ಲಿಯೋನೆಲನ ಕಡೆ ತಿರುಗಿದರು. "ನೀನೇ ಹೇಳಪ್ಪ. ಈ ಮರದಿಂದ ನಿನಗೆ ಏನಾದರೂ ಗೊತ್ತಾಗಿದೆಯಾ?"

"ಇಲ್ಲ, ಪಾದ್ರ್ಯಾಬ್. ನನಗೆ ಏನೂ ಗೊತ್ತಿರಲಿಲ್ಲ. ಇದು ಕುಮ್ಸಾರಿನ ಗೂಡು ಅಂತಲೂ ಗೊತ್ತಿರಲಿಲ್ಲ. ಯಾರದೂ ನನಗೆ ಗೊತ್ತಿರಲಿಲ್ಲ."

ಜನರ ನಡುವೆ ಮೆಚ್ಚುಗೆಯ ಗುಜುಗುಜು ಎದ್ದಿತು. "ನೋಡಿ ಹೇಗೆ ಮುಚ್ಚುತ್ತಾನೆ" ಎಂದಳು ಆಲಿಸ್. "ಪಾದ್ರಿ ಆಗಬೇಕಾಗಿದ್ದವನು."

ಆಗ ಹಿಂದಿನವರು ಸರಿದು ದಾರಿ ಬಿಟ್ಟರು. ಮುದ್ದಣ್ಣ ಶೆಟ್ಟರು ಬಂದರು. ಅವರು ಊರಿನ ಪಟೇಲರು ಮಾತ್ರವಲ್ಲ, ಆ ಅಂಗಳದ ಧಣಿಗಳೂ ಹೌದು. ಲಿಯೋನೆಲನ ಮನೆ ಇದ್ದದ್ದು ಅವರ ಗೇಣಿಯ ಜಾಗದಲ್ಲಿ. ಅವರು ಹಲಗೆಯನ್ನು ಒಮ್ಮೆ ನೋಡಿ, ಲಿಯೋನೆಲನನ್ನು ಒಮ್ಮೆ ನೋಡಿದರು.

"ಏಜಂಟರೇ, ನನ್ನ ಹುಂಜದ ವಿಷಯ ಇದರಲ್ಲಿ ಉಂಟಂತೆ."

ಲಿಯೋನೆಲ್ ಮರಳುಕಾಗದವನ್ನು ಕಲ್ಲಿನ ಅಡಿಯಿಂದ ತೆಗೆದು ಬೆನ್ನ ಹಿಂದೆ ಹಿಡಿದ.

"ಉಜ್ಜಿ. ನೋಡುವ."

"ಉಜ್ಜುವುದಿಲ್ಲ, ಧಣಿ. ಮರದಲ್ಲಿ ಏನೂ ಇಲ್ಲ."

"ಮರ ಬಿಡಿ. ನಿಮಗೆ ಗೊತ್ತುಂಟಾ ಇಲ್ಲವಾ?"

ಊರಿನಲ್ಲಿ ಈ ಪ್ರಶ್ನೆಗೆ ಎಲ್ಲರಿಗಿಂತ ಬೇಗ ಉತ್ತರ ಕೊಡುವ ಮನುಷ್ಯ ತಡವರಿಸಿದ. ಇಲ್ಲ ಎಂದರೆ ಸುಳ್ಳು. ವಿಗಾರರು ಪಕ್ಕದಲ್ಲೇ ನಿಂತಿದ್ದರು. ಉಂಟು ಎಂದರೆ ಯಾರೆಂದು ಹೇಳಬೇಕು. ಭುಜಂಗ ಅಂಗಳದ ಅಂಚಿನ ಹಲಸಿನಮರದ ಬುಡದಲ್ಲಿ ತಲೆಗೆ ಮುಂಡಾಸು ಸುತ್ತುತ್ತ ಬಿಚ್ಚುತ್ತ ಇದ್ದ.

"ಗೊತ್ತುಂಟು" ಎಂದ ಲಿಯೋನೆಲ್. ಈ ಸಲ ಒಂದೇ ಬಾರಿ ಹೇಳಿದ. "ಕೂಸಪ್ಪ ಅಲ್ಲ ಅನ್ನುವುದು ಗೊತ್ತುಂಟು. ಯಾರು ಅಂತ ನಾನು ಹೇಳುವುದಿಲ್ಲ, ಧಣಿ. ನನ್ನ ಮನೆಯೊಳಗೆ ಬಂದು ನಂಬಿ ಹೇಳಿದ್ದು."

"ಹೇಳದಿದ್ದರೆ?"

"ಹೇಳದಿದ್ದರೆ ನೀವು ಮನೆ ಬಿಡಿ ಅನ್ನಬಹುದು. ಮಳೆಗಾಲಕ್ಕೆ ಮೊದಲು ಹೇಳಿದರೆ ಉಪಕಾರ."

ಬರ್ತಾ ಬಾಗಿಲಲ್ಲಿ ನಿಂತಿದ್ದಳು. ಅವಳು ಒಳಗೆ ಹೋಗಲಿಲ್ಲ. ಬಂದು ಗಂಡನ ಪಕ್ಕದಲ್ಲಿ ನಿಂತಳು.

ಭುಜಂಗ ಮುಂಡಾಸನ್ನು ಕಂಕುಳಲ್ಲಿ ಇಟ್ಟುಕೊಂಡು ಮುಂದೆ ಬಂದ.

"ನಾನು, ಧಣಿ. ನಾನು ಮತ್ತು ತೀರಿಹೋದ ಸಾಲ್ವದೋರ್ ಪೊರ್ಬುಗಳು. ಅಂಕದ ಮರುದಿನ. ಶೇಂದಿ ಕುಡಿದಿದ್ದೆವು. ಬೇಕಂತ ಮಾಡಿದ್ದಲ್ಲ ಅಂತ ಹೇಳಿದರೆ ಸುಳ್ಳಾಗ್ತದೆ, ಗೋಣಿ ಮೊದಲೇ ತಂದಿದ್ದೆವು."

ಜೆರ್ಟ್ರೂಡ್ ಬಾಯಿಯ ಜಪಮಾಲೆ ನಿಂತಿತು. ಗಂಡ ಸತ್ತು ಇಷ್ಟು ವರ್ಷವಾದ ಮೇಲೆ, ಒಂದು ರಾತ್ರಿ ಅವನು ಮನೆಯಲ್ಲಿ ಊಟ ಬೇಡವೆಂದದ್ದಕ್ಕೆ ಕಾರಣ ಅವರಿಗೆ ಸಿಕ್ಕಿತ್ತು.

ಪಟೇಲರು ಭುಜಂಗನ ಹತ್ತಿರ ಬಂದು ನಿಂತರು. ಹೊಡೆಯುತ್ತಾರೆಂದು ಎಲ್ಲರೂ ತಿಳಿದರು. ಅವರು ಕೇಳಿದ್ದು ಬೇರೆ.

"ರುಚಿ ಇತ್ತಾ?"

"ಇಲ್ಲ, ಧಣಿ. ಅಂಕದ ಹುಂಜ ಅಲ್ವಾ, ಬೇಯಲೇ ಇಲ್ಲ. ಬೆಳಿಗ್ಗೆವರೆಗೆ ಬೇಯಿಸಿದೆವು."

ಪಟೇಲರು ಲಿಯೋನೆಲನ ಮನೆಯ ಮೆಟ್ಟಿಲಲ್ಲಿ ಕೂತುಬಿಟ್ಟರು. ಪಟೇಲರು ಕೂತದ್ದನ್ನು ನೋಡಿ ನಿಂತಿದ್ದವರಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಬರ್ತಾ ನೀರು, ಬೆಲ್ಲ ತಂದಿಟ್ಟಳು.

"ನಾನು ಅವನನ್ನು ಕಳ್ಳ ಎಂದೆ" ಎಂದರು ಪಟೇಲರು.

"ಎಂದಿರಿ" ಎಂದ ಭುಜಂಗ. "ನಾನು ಅಲ್ಲೇ ನಿಂತಿದ್ದೆ. ಅವತ್ತಿನಿಂದ ನಾನು ಆ ನಿಲ್ದಾಣದಲ್ಲಿ ಬಸ್ಸು ಹತ್ತಿದವನಲ್ಲ. ಉಡುಪಿಗಾದರೂ ನಡೆದೇ ಹೋಗುವುದು."

ವಿಗಾರರು ತೂತಿನ ಹಲಗೆಯನ್ನು ಎತ್ತಿಕೊಂಡರು. ಇದು ಇಗರ್ಜಿಯ ವಸ್ತು, ಕ್ರಮಪ್ರಕಾರ ಸುಡಬೇಕಾದದ್ದು, ಇದನ್ನು ನಾನು ಒಯ್ಯುತ್ತೇನೆ, ಉಳಿದದ್ದು ಬರಿಯ ಮರ, ಇರಲಿ ಎಂದರು. ಹೋಗುವಾಗ ಅಂಗಳದಲ್ಲಿದ್ದವರೆಲ್ಲರನ್ನೂ ಒಮ್ಮೆ ನೋಡಿ, ತಾನು ಕತ್ತಲಾಗುವವರೆಗೆ ಗೂಡಿನಲ್ಲೇ ಇರುತ್ತೇನೆ ಎಂದು ಸೇರಿಸಿದರು. ಅವತ್ತು ಅವರು ಎದ್ದದ್ದು ಕತ್ತಲಾಗಿ ಬಹಳ ಹೊತ್ತಾದ ಮೇಲೆ.

ಸೋಮವಾರ ಬೆಳಿಗ್ಗೆ ಮುದ್ದಣ್ಣ ಶೆಟ್ಟರು ಬಿಳಿ ಶಾಲು ಹೊದ್ದು ಬಸ್ ನಿಲ್ದಾಣಕ್ಕೆ ಬಂದರು. ನಂದಿಕೂರಿಗೆ ಹೋಗಬೇಕು ಎಂದರು. ಲಿಯೋನೆಲ್ ಪಡುಬಿದ್ರಿ ದಾರಿಯಾಗಿ ಕಾರ್ಕಳಕ್ಕೆ ಹೋಗುವ ಬಸ್ಸಿನ ಮುಂದಿನ ಸೀಟಿನಲ್ಲಿ ಅವರನ್ನು ಕೂರಿಸಿದ. ಅಲ್ಲಿ ನಡೆದದ್ದನ್ನು ಆಮೇಲೆ ಕಂಡಕ್ಟರ್ ಹೇಳಿದ, ಕಂಡಕ್ಟರಿಗೆ ಕೂಸಪ್ಪನ ಮಾವ ಹೇಳಿದ್ದು. ಪಟೇಲರು ಅಂಗಳದಲ್ಲಿ ನಿಂತು ಹೇಗೆ ಶುರುಮಾಡುವುದೆಂದು ತಿಳಿಯದೆ ಬಹಳ ಹೊತ್ತು ಬೇಸಾಯದ ವಿಷಯ ಮಾತಾಡಿದರಂತೆ. ಆಮೇಲೆ, "ಕೂಸಪ್ಪ, ಹುಂಜ ತೆಗೆದದ್ದು ನೀನಲ್ಲ" ಎಂದರಂತೆ.

"ಅದು ನನಗೆ ಅವತ್ತೇ ಗೊತ್ತಿತ್ತಲ್ಲ, ಧಣಿ" ಎಂದನಂತೆ ಕೂಸಪ್ಪ.

ಮತ್ತೆ ಕೆಲಸಕ್ಕೆ ಬಾ ಎಂದದ್ದಕ್ಕೆ ಅವನು ಒಪ್ಪಲಿಲ್ಲ. ನಂದಿಕೂರಿನಲ್ಲಿ ಅವನಿಗೆ ಈಗ ಎರಡು ಎಮ್ಮೆಗಳಿದ್ದವು, ಸ್ವಲ್ಪ ಗದ್ದೆ ಇತ್ತು. ಒಂದನ್ನು ಮಾತ್ರ ಕೇಳಿದ. ಜನರೆದುರು ಹೇಳಿದ್ದನ್ನು ಜನರೆದುರೇ ತಿರುಗಿ ಹೇಳಬೇಕು, ಅದೇ ಜಾಗದಲ್ಲಿ.

ಹಾಗೆ ಮಧ್ಯಾಹ್ನದ ಬಸ್ಸಿನಿಂದ ಇಬ್ಬರೂ ಕಾಪುವಿನಲ್ಲಿ ಇಳಿದರು. ಕೂಸಪ್ಪ ಒಗೆದ ಅಂಗಿ ತೊಟ್ಟಿದ್ದ. ನಿಲ್ದಾಣದಲ್ಲಿ ಮೀನಿನ ಬುಟ್ಟಿಯವರು, ಕಚೇರಿಗೆ ಹೋಗುವವರು, ಹೋಟೆಲಿನ ಬಾಗಿಲಲ್ಲಿ ಚಹಾ ಕುಡಿಯುವವರು, ಎಲ್ಲ ಇದ್ದರು. ಭುಜಂಗನೂ ದೂರದ ಅಶ್ವತ್ಥದ ಕೆಳಗೆ ನಿಂತಿದ್ದ. ಪಟೇಲರು ಗಂಟಲು ಸರಿಮಾಡಿಕೊಂಡರು.

"ಈ ಕೂಸಪ್ಪನನ್ನು ನಾನು ಇಲ್ಲಿ ನಿಂತು ಕಳ್ಳ ಎಂದಿದ್ದೆ. ಅವನು ಕದ್ದಿಲ್ಲ. ತಪ್ಪು ನನ್ನದು."

ಚಹಾದ ಲೋಟಗಳು ಬಾಯಿಯ ಹತ್ತಿರವೇ ನಿಂತವು. ಎದುರು ಕಂಪೆನಿಯ ಡ್ರೈವರನೊಬ್ಬ, "ಕೇಳಿಸಲಿಲ್ಲ, ಹಾರ್ನ್ ಮಾಡುತ್ತಿದ್ದೆ" ಎಂದ. ಪಟೇಲರು ಅವನ ಕಡೆ ತಿರುಗಿ ಇನ್ನೊಮ್ಮೆ, ಮೊದಲಿಗಿಂತ ಗಟ್ಟಿಯಾಗಿ ಹೇಳಿದರು. ಕೂಸಪ್ಪ ಕೈಮುಗಿದ. ಹತ್ತಲು ಬಂದವರು ಹತ್ತಲಿಲ್ಲ, ಇಳಿಯಬೇಕಾದವರು ಇಳಿಯಲಿಲ್ಲ, ಉಡುಪಿಯ ಬಸ್ಸು ಕಂಪೆನಿಯ ಇತಿಹಾಸದಲ್ಲೇ ಮೊದಲ ಸಲ ಒಂದು ಒಳ್ಳೆಯ ಕಾರಣಕ್ಕೆ ತಡವಾಯಿತು.

ಸಂಜೆ ಲಿಯೋನೆಲ್ ಇದನ್ನೆಲ್ಲ ಬರ್ತಾಳಿಗೆ ಹೇಳಬೇಕೆಂದು ಬೇಗ ಬೇಗ ನಡೆದು ಬಂದ. ಮುಂದಿನ ಬಾಗಿಲು ಚಿಲಕ ಹಾಕಿತ್ತು. ಹಿಂದಿನಿಂದ ಸುತ್ತಿ ಬಂದ. ಬರ್ತಾ ಹಿತ್ತಲ ಜಗಲಿಯಲ್ಲಿ ಕೂತು, ಮೆಟ್ಟುಕತ್ತಿ ಇಟ್ಟುಕೊಂಡು ಬಂಗುಡೆ ಮೀನು ಸರಿಮಾಡುತ್ತಿದ್ದಳು. ಗಂಡನನ್ನು ಕಂಡು ಗಡಬಡಿಸಿ ಏಳಲು ಹೋದಳು.

"ಇಲ್ಲಿ ಎಂತ ಮಾಡ್ತಿದ್ದಿ? ಒಳಗೆ ಕಟ್ಟೆ ಉಂಟಲ್ಲ."

ಬರ್ತಾ ಕತ್ತಿಯ ಬಾಯಿಯನ್ನು ನೋಡುತ್ತ, "ಊರಿನವರೆಲ್ಲ ಹೇಳಿಯಾಯಿತು. ನನ್ನದೂ ಒಂದು ಮಾತುಂಟು" ಎಂದಳು.

ಲಿಯೋನೆಲ್ ಜಗಲಿಯ ಅಂಚಿನಲ್ಲಿ ಕೂತ. ನಾಲ್ಕು ದಿನಗಳಿಂದ ಅವನಿಗೆ ಮಾತುಗಳ ಭಯ ಹತ್ತಿತ್ತು.

"ಆ ಕಟ್ಟೆ ನನಗೆ ಎತ್ತರ ಆಗ್ತದೆ. ಕಟ್ಟಿದ ದಿನದಿಂದ. ನಿಮ್ಮ ಸೊಂಟಕ್ಕೆ ಬಂದರೆ ನನ್ನ ಎದೆಗೆ ಬರ್ತದೆ. ನೀವು ಇದ್ದಾಗ ಮಣೆಯ ಮೇಲೆ ನಿಂತು ಹೆಚ್ಚುತ್ತೇನೆ. ನೀವು ಹೋದ ಮೇಲೆ ಇಲ್ಲಿ ಬಂದು ಕೂರುತ್ತೇನೆ. ಮೊನ್ನೆ ಮಣೆ ಜಾರಿ ಬಿದ್ದೆ."

ಅವಳು ಸೀರೆಯ ನೆರಿಗೆ ಸ್ವಲ್ಪ ಎತ್ತಿ ತೋರಿಸಿದಳು. ಮೊಣಕಾಲಿನ ಕೆಳಗೆ ನೀಲಿಗಟ್ಟಿತ್ತು.

"ಹೇಳಬಹುದಿತ್ತಲ್ಲ" ಎಂದ ಲಿಯೋನೆಲ್, ಹೇಳುತ್ತಿರುವಾಗಲೇ ದನಿ ತಗ್ಗಿತು.

"ನಿಮ್ಮ ಬೆರಳಿಗೆ ಪೆಟ್ಟಾಗಿತ್ತು. ಎಲ್ಲರ ಹತ್ತಿರ ಹೆಮ್ಮೆಯಿಂದ ಹೇಳಿಕೊಂಡಿದ್ದಿರಿ. ಇರಲಿ ಅಂತ ಬಿಟ್ಟೆ."

ಬೆಕ್ಕೊಂದು ಬಂದು ಬಂಗುಡೆಯ ಹತ್ತಿರ ಕೂತಿತು. ಇಬ್ಬರೂ ಅದನ್ನು ಓಡಿಸಲಿಲ್ಲ. ಲಿಯೋನೆಲ್ ಬಸ್ ನಿಲ್ದಾಣದ ಸುದ್ದಿ ಹೇಳುವುದನ್ನು ಮರೆತ. ಎದ್ದು ಒಳಗೆ ಹೋಗಿ ಕಟ್ಟೆಯ ಮೇಲಿನಿಂದ ಉಪ್ಪಿನ ಮರಿಗೆ, ಭರಣಿ, ಚರಿಗೆ ಎಲ್ಲ ತೆಗೆದು ನೆಲದ ಮೇಲಿಟ್ಟ. ಕಟ್ಟೆಯನ್ನು ಒಂದು ಬದಿಗೆ ಮಲಗಿಸಿದ. ಗರಗಸ ತಂದ.

"ಬಾ, ಇಲ್ಲಿ ನಿಲ್ಲು" ಎಂದ. "ಎಲ್ಲಿಗೆ ಬೇಕು, ತೋರಿಸು."

ಬರ್ತಾ ಕೈ ತೊಳೆದು ಬಂದು ಗೋಡೆಗೆ ಒರಗಿ ನಿಂತಳು. ಇಲ್ಲಿಗೆ ಎಂದು ಸೊಂಟದ ಹತ್ತಿರ ಅಂಗೈ ಇಟ್ಟು ತೋರಿಸಿದಳು. ಅವನು ಇದ್ದಿಲಿನಿಂದ ಗೋಡೆಗೆ ಗೆರೆ ಹಾಕಿ, ಅದೇ ಅಳತೆಯನ್ನು ಕಟ್ಟೆಯ ಕಾಲುಗಳಿಗೂ ಹಾಕಿದ. ಒಂದು ಕಾಲು ಕೊಯ್ದ, ಇನ್ನೊಂದು ಕೊಯ್ದ. ನಾಲ್ಕೂ ಆದ ಮೇಲೆ ಎತ್ತಿ ನಿಲ್ಲಿಸಿದರೆ ಕಟ್ಟೆ ಹೊಟ್ಟೆನೋವು ಬಂದವರಂತೆ ಒಂದು ಕಡೆ ವಾಲಿತು. ಅವನು ಮತ್ತೆ ಮಲಗಿಸಿ, ಉದ್ದ ಉಳಿದ ಕಾಲಿನ ಮೇಲೆ ಗರಗಸ ಇಟ್ಟ.

"ಇಷ್ಟು?" ಎಂದು ಕೇಳಿದ.

"ಸ್ವಲ್ಪ ಕೆಳಗೆ."

"ಇಷ್ಟು?"

ಬರ್ತಾ ಬಗ್ಗಿ ನೋಡಿದಳು. ಗಂಡ ಮುಖವೆತ್ತಿ ಉತ್ತರಕ್ಕಾಗಿ ಕಾಯುತ್ತಿದ್ದ. ಅವಳಿಗೆ ಅವಸರವಿರಲಿಲ್ಲ. ಕಾಲಿನ ಸುತ್ತ ಒಮ್ಮೆ ಬೆರಳು ಸುತ್ತಿಸಿ, ಚೆನ್ನಾಗಿ ಯೋಚಿಸಿ, ಆಮೇಲೆ, "ಹೂಂ, ಅಲ್ಲಿಗೇ" ಎಂದಳು.

ಲಿಯೋನೆಲ್ ಕೊಯ್ಯತೊಡಗಿದ.